ನೆಪ್ತಾಲಿಯ ಮುಖ ನೋಡಿ ತೆರೆದ ಬಾಗಿಲುಗಳು

ಸೆಪ್ಟೆಂಬರಿನಲ್ಲಿ ಪರಾಗ್ವಾನಾ ಪರ್ಯಾಯದ್ವೀಪಕ್ಕೆ ಯಾರೂ ಬರುವುದಿಲ್ಲ. ಗಾಳಿ ಬಿದ್ದುಹೋಗಿರುತ್ತದೆ, ಬಿಸಿಲು ಮೇಲಿನಿಂದಲ್ಲ, ನೆಲದಿಂದ ಮುಖಕ್ಕೆ ಹೊಡೆಯುತ್ತದೆ, ಅದೀಕೊರಾ ಊರಿನ ಕಡಲಂಚಿನ ಬಣ್ಣದ ಮನೆಗಳಿಗೆಲ್ಲ ಬೀಗ. ಬರುವವರು ಕಾರ್ನಿವಲ್‌ನಲ್ಲೋ ಪವಿತ್ರ ವಾರದಲ್ಲೋ ಬಂದು, ಕುಡಿದು, ಕುಣಿದು, ಕಸ ನಮಗೆ ಬಿಟ್ಟು ಹೋಗಿಯಾಗಿರುತ್ತದೆ. ಹಾಗಿರುವಾಗ ಕೋರೋ ಬಸ್ ನಿಲ್ದಾಣದಲ್ಲಿ ನರೆಗೂದಲಿನ ಹೆಂಗಸೊಬ್ಬಳು ಇಳಿದು, ಪರಾಗ್ವಾನಾದ ಹಳೇ ಇಗರ್ಜಿಗಳನ್ನೆಲ್ಲ ನೋಡಬೇಕು, ಕಾರು ಬೇಕು ಎಂದಾಗ ಬಾಡಿಗೆ ಕಾರಿನ ನೆಪ್ತಾಲಿ ಚಿರಿನೋನ ಮನಸ್ಸಿನಲ್ಲಿ ಎದ್ದದ್ದು ಸಂತೋಷವಲ್ಲ, ಅನುಮಾನ. ಆದರೂ ಬಾಗಿಲು ತೆರೆದು ಕೂರಿಸಿಕೊಂಡ. ಅನುಮಾನದಿಂದ ಒಲೆ ಉರಿಯುವುದಿಲ್ಲವಲ್ಲ.

ನೆಪ್ತಾಲಿ ತಾರಾಬದವನು. ಕಳ್ಳಿ, ಮುಳ್ಳುಗಿಡ, ಆಡು, ನಡುವೆ ಒಂದು ಬಿಳೀ ಇಗರ್ಜಿ, ಇಷ್ಟೇ ಊರು. ಹುಡುಗನಾಗಿದ್ದಾಗ ಆಡು ಕಾದ, ಮೀಸೆ ಬಂದಮೇಲೆ ಸ್ಟೇರಿಂಗ್ ಹಿಡಿದ. ಮರಳ ದಿಬ್ಬಗಳನ್ನು ಸೀಳಿಕೊಂಡು ಹೋಗುವ ರಸ್ತೆಯಲ್ಲಿ, ಕೋರೋದಿಂದ ಪುಂತೊ ಫಿಹೊಗೆ, ಜನರನ್ನು ಒತ್ತಿ ತುಂಬಿ ಸಾಗಿಸಿದ. ತಾರಾಬದ ಅರ್ಧ ಮಕ್ಕಳ ತಾಯಂದಿರು ನೋವು ತಿನ್ನುತ್ತ ಆಸ್ಪತ್ರೆಗೆ ಹೋದದ್ದು ಅವನ ಹಳೇ ಮಾಲಿಬು ಕಾರಿನ ಹಿಂದಿನ ಸೀಟಿನಲ್ಲಿ. ಎಷ್ಟೋ ಮುದುಕರು ಆಸ್ಪತ್ರೆಯಿಂದ ಹೆಣವಾಗಿ ಮರಳಿದ್ದೂ ಅದೇ ಸೀಟಿನಲ್ಲಿ. ಹೆಣಕ್ಕೆ ಬಾಡಿಗೆ ಕೇಳಿದವನಲ್ಲ. ಈಗ ಆ ಕಾಲವೂ ಇಲ್ಲ, ಆ ಜನವೂ ಇಲ್ಲ. ಕಚ್ಚಾ ಎಣ್ಣೆ ಕಾಯಿಸಿ ಪೆಟ್ರೋಲು ಮಾಡುವ ಕಾರ್ಖಾನೆಗಳ ಚಿಮಣಿಗಳು ಕಣ್ಣಳತೆಯಲ್ಲೇ ಹೊಗೆಯಾಡುವ ನಾಡಿನಲ್ಲಿ ಒಂದು ಟ್ಯಾಂಕು ಪೆಟ್ರೋಲಿಗೆ ಸಾಲು ನಿಂತು ಕಾರಿನಲ್ಲೇ ಮಲಗಬೇಕು. ಇದನ್ನು ಕೇಳಿ ನಗುವವರು ನಗಲಿ. ನಿಂತವನಿಗೆ ನಗು ಬರುವುದಿಲ್ಲ.

ಅನುಮಾನಕ್ಕೆ ಕಾರಣವಿತ್ತು. ಪರಾಗ್ವಾನಾದ ಇಗರ್ಜಿಗಳಲ್ಲಿ ಮುನ್ನೂರು ವರ್ಷದ ಮರದ ಮೂರ್ತಿಗಳಿವೆ. ಅವಕ್ಕೆ ಕಾವಲು ಎಂದರೆ ಒಂದು ಹಳೇ ಬೀಗ, ಆ ಬೀಗದ ಕೈ ಇಟ್ಟುಕೊಂಡ ಒಬ್ಬ ಮುದುಕಿ. ಅಪರಿಚಿತ ಬಂದು ಬಾಗಿಲು ತಟ್ಟಿದರೆ ಮುದುಕಿ ಕಿಟಕಿಯಲ್ಲಿ ಇಣುಕಿ, ಮನೆಯಲ್ಲಿ ಯಾರೂ ಇಲ್ಲ ಎಂದು ತಾನೇ ಕೂಗಿ ಹೇಳುತ್ತಾಳೆ. ಜೊತೆಗೆ ಪರಿಚಯದ ಡ್ರೈವರ್ ಇದ್ದರೆ ಮಾತ್ರ ಲಂಗದ ಜೇಬಿನಿಂದ ಬೀಗದ ಕೈ ಹೊರಬರುತ್ತದೆ. ಒವಿದಿಯೊ ಎಂಬ ಡ್ರೈವರ್ ಹೀಗೇ ಒಬ್ಬ ಪ್ರೊಫೆಸರನನ್ನು ಪಕ್ಕದ ಊರಿಗೆ ಕರೆತಂದ. ಪ್ರೊಫೆಸರ್ ಮೊಣಕಾಲೂರಿ ಪ್ರಾರ್ಥನೆ ಮಾಡಿದ, ಆಡಿನ ಹಾಲಿನ ಮಿಠಾಯಿ ತಿಂದ, ಹೋದ. ಮಳೆಗಾಲಕ್ಕೆ ಮುಂಚೆ ಅಲ್ಲಿನ ಸಂತ ಇಸಿದ್ರೊ ಮಾಯ. ಆ ಸಂತ ಈಗ ರಾಜಧಾನಿಯಲ್ಲಿ ಯಾವ ದೊಡ್ಡ ಮನುಷ್ಯನ ಊಟದ ಕೋಣೆಯಲ್ಲಿ ನಿಂತಿದ್ದಾನೋ, ಆ ಮನುಷ್ಯನನ್ನು ಕೇಳುವವರಿಲ್ಲ. ಒವಿದಿಯೊ ಸಿಕ್ಕಿದ, ಕೇಳಿದರು. ಅವನ ಕಾರಿನಲ್ಲಿ ಇವತ್ತಿಗೂ ಯಾರೂ ಕೂರುವುದಿಲ್ಲ.

ಈ ಹೆಂಗಸಿನ ಹೆಸರು ಮಿರೇಯಾ ಒತೈಸಾ. ಹಳೇ ಇಗರ್ಜಿಗಳ ಮೇಲೆ ಪುಸ್ತಕ ಬರೆಯುತ್ತೇನೆ ಎಂದಳು. ನೆಪ್ತಾಲಿ ಕನ್ನಡಿಯಲ್ಲಿ ಅವಳನ್ನೇ ಗಮನಿಸುತ್ತ ಓಡಿಸಿದ. ಮೊದಲ ಊರಿನಲ್ಲಿ ಅವಳು ಗೋಪುರದ ಕಡೆ ತಲೆಯೆತ್ತಲೂ ಇಲ್ಲ, ಹಿಂಬಾಗಿಲ ಚಿಲಕದ ಫೋಟೋ ತೆಗೆದಳು. ಎರಡನೆಯ ಊರಿನಲ್ಲಿ ಮೂರ್ತಿ ನಿಲ್ಲಿಸಿದ ಗೂಡನ್ನು ಗೇಣು ಹಾಕಿ ಅಳೆದಳು. ಎಲ್ಲ ಕಡೆ ಅದೇ ಪ್ರಶ್ನೆ: ಬೀಗದ ಕೈ ಯಾರ ಬಳಿ? ರಾತ್ರಿ ಇಲ್ಲಿ ಯಾರಾದರೂ ಮಲಗುತ್ತಾರೆಯೇ? ಅವಳು ಕೇಳಿದ್ದಕ್ಕೆಲ್ಲ ಮುದುಕಿಯರು ನೆಪ್ತಾಲಿಯ ಮುಖ ನೋಡಿ ಉತ್ತರ ಹೇಳಿದರು. ತಾರಾಬದಲ್ಲಿ ಬೀಗದ ಕೈ ಕಾಯುವ ಬಾಲ್ಬಿನಾಳ ಸೋದರಳಿಯ ಬಂದಿದ್ದಾನೆ, ಹೆದರಿಕೆ ಏನು ಎಂದರು. ಒಂದೊಂದು ಬಾಗಿಲು ತೆರೆದಾಗಲೂ ನೆಪ್ತಾಲಿಗೆ ಒವಿದಿಯೊ ನೆನಪಾಗುತ್ತಿದ್ದ.

ತಾರಾಬ ಬೇಡ ಎಂದು ತೀರ್ಮಾನಿಸಿದ. ಅಲ್ಲಿರುವುದು ಕಾರ್ಮೆನ್ ಮಾತೆ, ಡ್ರೈವರುಗಳ ತಾಯಿ. ಅವನ ಅಮ್ಮ ಸಾಯುವಾಗ ಕಣ್ಣು ನೆಟ್ಟದ್ದು ಆ ಮರದ ಮುಖದ ಮೇಲೆ. ಆ ಮಾತೆ ಕಳುವಾದರೆ ತಾರಾಬದಲ್ಲಿ ಅವನಿಗೆ ನಿಲ್ಲಲು ಒಂದಡಿ ನೆಲವೂ ಉಳಿಯುವುದಿಲ್ಲ. ಆದರೆ ಮಿರೇಯಾಗೆ ಊರಿನ ಹೆಸರು ಗೊತ್ತಿತ್ತು. ನಿಮ್ಮೂರನ್ನೇ ಬಿಟ್ಟು ಹೋಗ್ತೀರಾ ಎಂದು ನಕ್ಕಳು. ಬೀಗದ ಕೈ ಇರುವವರು ಕೋರೋಗೆ ಹೋಗಿದ್ದಾರೆ ಎಂದು ನೆಪ್ತಾಲಿ ಸುಳ್ಳು ಹೇಳಿದ. ಹೊರಗಿನಿಂದಲೇ ನೋಡುತ್ತೇನೆ ಎಂದಳು.

ಕಾರು ನಿಂತದ್ದೇ ತಡ, ಸೋದರತ್ತೆ ಬಾಲ್ಬಿನಾ ಬೀಗದ ಕೈ ಕುಣಿಸುತ್ತ ತಾನೇ ಬಂದಳು. ನೆಪ್ತಾಲಿ ಕಣ್ಸನ್ನೆ ಮಾಡಿದ, ಕೆಮ್ಮಿದ, ಕಾಲು ತುಳಿದ. ಮುದುಕಿ ಜಗ್ಗಲಿಲ್ಲ. ಬನ್ನಿ ತಾಯಿ, ಒಳಗೆ ತಂಪಾಗಿದೆ ಎಂದು ಬಾಗಿಲು ಹಾರುಹೊಡೆದು, ಮೂರ್ತಿಯ ಮುಂದೆ ತಂದು ನಿಲ್ಲಿಸಿದಳು. ಅತ್ತೆಗೆ ಅರಳುಮರಳು ಹಿಡಿಯಿತು ಎಂದುಕೊಂಡ ನೆಪ್ತಾಲಿ. ಮಿರೇಯಾ ಎಲ್ಲರಂತೆ ಮಾತೆಯ ಪಾದ ಮುಟ್ಟಿ ಬೆರಳಿಗೆ ಮುತ್ತಿಟ್ಟುಕೊಂಡಳು. ಮುಟ್ಟುವಾಗ ಉಗುರಿನಿಂದ ಮೆಲ್ಲಗೆ ಬಡಿದದ್ದು ಅವನೊಬ್ಬನಿಗೆ ಕಂಡಿತು.

ಊರು ದಾಟಿದ ಮೇಲೆ ಅವಳು ಬಾಯಿಬಿಟ್ಟಳು.

"ನೆಪ್ತಾಲಿಯವ್ರೇ, ಅದು ಮರ ಅಲ್ಲ. ಅಚ್ಚಿಗೆ ಹೊಯ್ದ ಗಾರೆ ಗೊಂಬೆ. ಅಂಗಡೀಲಿ ಸಿಗುತ್ತೆ. ನಿಮ್ಮ ಹಳೇ ಮೂರ್ತಿ ಏನಾಯ್ತು?"

ನೆಪ್ತಾಲಿ ಬ್ರೇಕ್ ಒತ್ತಿದ. ಧೂಳು ಕಾರನ್ನು ಮುಚ್ಚಿತು. ಕಾರು ತಿರುಗಿಸಿ ಊರಿಗೆ ಹಿಂದಕ್ಕೆ ಓಡಿಸಿದ. ಅವಳನ್ನು ಕಾರಿನಲ್ಲೇ ಬಿಟ್ಟು ಅತ್ತೆಯ ಅಡುಗೆಮನೆಗೆ ನುಗ್ಗಿದ. ಬಾಲ್ಬಿನಾ ಕಾವಲಿಯ ಮೇಲೆ ಮೆಕ್ಕೆಜೋಳದ ಅರೆಪಾ ರೊಟ್ಟಿ ಬೇಯಿಸುತ್ತಿದ್ದಳು.

"ಅತ್ತೆ, ನಮ್ಮ ತಾಯಿ ಎಲ್ಲಿ? ಅಲ್ಲಿರೋದು ಗಾರೆ ಗೊಂಬೆ ಅಂತೆ."

ಬಾಲ್ಬಿನಾ ಬೆಚ್ಚಲಿಲ್ಲ. ಕಿಟಕಿಯಿಂದ ಕಾರಿನ ಕಡೆ ನೋಡಿದಳು.

"ಅವಳಂದ್ಲಾ? ಚುರುಕು ಕಣೋ ಹೆಂಗಸು. ಹೋದ ಸಲ ಮೂರ್ತಿ ನೋಡೋಕೆ ಬಂದೋನು ಗೊಂಬೆಗೇ ಅಡ್ಡಬಿದ್ದು ಹೋದ."

"ಅತ್ತೆ."

"ಮೆಲ್ಲಗೆ ಮಾತಾಡು. ತಾಯಿ ಊರಲ್ಲೇ ಇದ್ದಾಳೆ. ಇಸಿದ್ರೊ ಹೋದಾಗಿಂದ ಒಬ್ಬರ ಮನೆಯಿಂದ ಒಬ್ಬರ ಮನೆಗೆ. ಮಂಚದಡಿ, ಜೋಳದ ಚೀಲದ ಹಿಂದೆ, ಎಲ್ಲಿ ಜಾಗ ಇದ್ಯೋ ಅಲ್ಲಿ."

ನೆಪ್ತಾಲಿಗೆ ಹೋದ ಜೀವ ಬಂದಂತಾಯಿತು. ಬಂದ ಜೀವ ಹೆಚ್ಚು ಹೊತ್ತು ನಿಲ್ಲಲಿಲ್ಲ.

"ಯಾರ್ಯಾರಿಗೆ ಗೊತ್ತಿದು?"

"ಊರಿಗೆ."

"ಊರಿಗೆ ಅಂದ್ರೆ?"

"ಊರಿಗೆ ಅಂದ್ರೆ ಊರಿಗೆ, ನೆಪ್ತಾ. ಮೂಗು ಒರೆಸಿಕೊಳ್ಳೋಕೆ ಬಾರದ ಮಕ್ಕಳಿಗೂ ಗೊತ್ತು."

ಕಳೆದ ಹಬ್ಬದಲ್ಲಿ ಆ ಗಾರೆಯ ಮುಂದೆ ತಾನು ಮೇಣದಬತ್ತಿ ಹಚ್ಚಿ ಹಾಡುವಾಗ ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ನೆಪ್ತಾಲಿಗೆ ಈಗ ಅರ್ಥವಾಯಿತು.

"ನಾನು ಊರಲ್ವಾ ಅತ್ತೆ?"

"ಯಾರು ಬಂದ್ರೂ ಕೂರಿಸ್ಕೊಂಡು ತಿರುಗೋನು ನೀನು. ಒವಿದಿಯೊ ಏನು ಕೆಟ್ಟೋನಾಗಿದ್ನಾ? ಕಾರು ಇರೋನ ಬಾಯಿ, ಬಾಗಿಲಿಲ್ಲದ ಮನೆ ಅಂತ ಎಲ್ಲರೂ ಸೇರಿ ಅಂದ್ರು. ನಾನೊಬ್ಬಳು ಏನು ಮಾಡ್ಲಿ?"

"ಸರಿ, ಈಗ ಹೇಳು. ಯಾರ ಮನೇಲಿದ್ದಾಳೆ?"

ಬಾಲ್ಬಿನಾ ಅರೆಪಾ ಮಗುಚಿದಳು.

"ಬಿಸಿಬಿಸಿ ಇದೆ. ತಿಂದ್ಕೊಂಡು ಹೋಗು."

ಹೆಣ ಹೊತ್ತ ಸೀಟು, ಹೆರಿಗೆಯ ರಕ್ತ ತೊಳೆದ ಸೀಟು, ಯಾವುದೂ ಲೆಕ್ಕಕ್ಕೆ ಬರಲಿಲ್ಲ. ದೊಡ್ಡ ಮನೆಗಳ ಊಟದ ಕೋಣೆಗೆ ಒಬ್ಬ ಸಂತ ಹೋದದ್ದಕ್ಕೆ ತಾರಾಬದಲ್ಲಿ ಅತ್ತೆ ಅಳಿಯನನ್ನು ನಂಬದ ಕಾಲ ಬಂತು. ಕಳ್ಳರು ಕದ್ದದ್ದು ಮರದ ತುಂಡನ್ನಷ್ಟೇ ಅಲ್ಲ. ಯಾವ ಠಾಣೆಯಲ್ಲಿ ಈ ದೂರು ಬರೆದುಕೊಳ್ಳುತ್ತಾರೆ?

ನೆಪ್ತಾಲಿ ತಿನ್ನಲಿಲ್ಲ. ಜಗಲಿಗೆ ಬಂದಾಗ ಕಾರಿನ ಗಾಜು ಇಳಿಸಿ ಮಿರೇಯಾ ಅವನ ಮುಖವನ್ನೇ ಓದುತ್ತಿದ್ದಳು. ಆಗ ಹೊಳೆಯಿತು. ತನ್ನ ಮುಖದಲ್ಲಿ ಒಂದೆಳೆ ನೆಮ್ಮದಿ ಕಂಡರೂ ಹಳೇ ತಾಯಿ ಊರಲ್ಲೇ ಇದ್ದಾಳೆಂದು ಇವಳಿಗೆ ಖಚಿತ. ಮೂರ್ತಿ ಕಳುವಾಗಿದೆ ಎಂದು ಇವಳು ನಂಬಬೇಕಾದರೆ ಅಂಗಳವನ್ನು ಅಳುತ್ತಲೇ ದಾಟಬೇಕು. ಸುಳ್ಳು ಅಳು ಹೇಗೆ ಬರುತ್ತದೆ ಎಂದು ಯೋಚಿಸುವಷ್ಟರಲ್ಲಿ ಗಲ್ಲ ಒದ್ದೆಯಾಗಿತ್ತು. ಸ್ಟೇರಿಂಗಿಗೆ ಹಣೆ ಕೊಟ್ಟು ಬಿಕ್ಕಿದ. ಮದುವೆಯಲ್ಲೂ ಮಸಣದಲ್ಲೂ ಹೀಗೆ ಅತ್ತವನಲ್ಲ.

ಮಿರೇಯಾ ಕೇಳಿದಳು, "ಹೋಗಿದೆಯಾ?"

ಅವನು ಹೌದೆಂದು ತಲೆಯಾಡಿಸಿದ.

"ಯಾವಾಗ ಕದ್ದರಂತೆ?"

"ಗೊತ್ತಿಲ್ಲಮ್ಮ. ನನಗೆ ಯಾರೂ ಏನೂ ಹೇಳಲ್ಲ."

ಅವಳು ಅವನ ಒದ್ದೆ ಕಣ್ಣನ್ನೂ ಮೂಗನ್ನೂ ನೋಡಿದಳು. ಕಳ್ಳಿಯೋ, ನಿಜಕ್ಕೂ ಪುಸ್ತಕ ಬರೆಯುವವಳೋ, ನೆಪ್ತಾಲಿಗೆ ಆಗಲೂ ತಿಳಿಯಲಿಲ್ಲ, ಮುಂದೆಯೂ ತಿಳಿಯಲಿಲ್ಲ. ಇಲ್ಲಿ ಇನ್ನು ನೋಡೋದು ಏನೂ ಇಲ್ಲ, ನಡೀರಿ ಎಂದು ಗಾಜು ಏರಿಸಿದಳು. ಅವನು ಕಾರು ಹೊರಡಿಸಿದ. ಓಣಿಯ ಕಿಟಕಿಗಳಲ್ಲಿ ಒಂದೊಂದೇ ತಲೆ ಇಣುಕಿ, ಕಾರು ದಾಟುವವರೆಗೆ ನೋಡಿ, ಒಳಗೆ ಸರಿಯಿತು. ಇವುಗಳಲ್ಲಿ ಯಾವ ಮನೆಯ ಮಂಚದಡಿ ತಾಯಿ ಮಲಗಿದ್ದಾಳೋ ಎಂದು ಹುಡುಕಲು ಹೊರಟ ಕಣ್ಣನ್ನು ನೆಪ್ತಾಲಿ ರಸ್ತೆಗೆ ಎಳೆದು ತಂದ. ಕನ್ನಡಿಯಲ್ಲಿ ಮಿರೇಯಾ ಅವನನ್ನೇ ನೋಡುತ್ತಿದ್ದಳು.