ಮಗಳು ಬರೆದ ಸಬ್‌ಟೈಟಲ್

"ಮಮ್ಮಾ, ಫಿಲ್ಮ್ ಮೇ ಆಪ್‌ಕೀ ಆವಾಜ್ ಭೀ ಹೈ." ನನ್ನ ದನಿಯೂ ಇದೆಯಂತೆ! ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು.

ಮಗಳು ಅನಘಾ ಹನ್ನೊಂದನೇ ಕ್ಲಾಸು. ಅವಳೂ ಗೆಳತಿಯರೂ ಸೇರಿ ಮೊಬೈಲಿನಲ್ಲೇ ಒಂದು ಸಿನಿಮಾ ಮಾಡಿದ್ದಾರೆ. ಕಥೆ ಅವರದೇ: ಸ್ಕೂಲು, ಟ್ಯೂಷನ್, ಸ್ನೇಹ, ಮುನಿಸು. ಮನೆ ಸೀನುಗಳಿಗೆ ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸೇ ಲೊಕೇಶನ್. (ಯೂನಿಟ್ಟಿಗೆ ಉಪ್ಪಿಟ್ಟು ಒದಗಿಸಿದವಳು ನಾನು.)

ನಮ್ಮ ದಿಲ್ಲಿ ಕನ್ನಡಿಗರ ಚಾಳಿ ಗೊತ್ತಲ್ಲ? ಲಿಫ್ಟಿನಲ್ಲಿ, ಮೆಟ್ರೋದಲ್ಲಿ, ತರಕಾರಿ ಭಯ್ಯಾನ ಎದುರಿಗೇ ಏನು ಬೇಕಾದರೂ ಅಂದುಬಿಡುತ್ತೇವೆ. ಕನ್ನಡ ಯಾರಿಗೆ ತಿಳಿಯಬೇಕು? ಮಗಳೂ ಹಿಂದಿಯಲ್ಲೇ ಉತ್ತರ ಕೊಡುವವಳು. ಶೂಟಿಂಗ್ ದಿನ ಅಡುಗೆಮನೆಯಲ್ಲಿ ನಿಂತು ಮೈಸೂರಿನ ಅಕ್ಕನ ಜೊತೆ ಫೋನಿನಲ್ಲಿ ಮನಸಾರೆ ಹರಟಿದ್ದೆ. ಹಾಲ್‌ನಲ್ಲಿ ಮೈಕ್ ಆನ್ ಇತ್ತು.

ಏನೇನು ಅಂದಿದ್ದೆ? ಮೇಲಿನ ಮನೆಯ ಮಿಸೆಸ್ ಶರ್ಮಾ ಬಗ್ಗೆ? ನಮ್ಮ ಯಜಮಾನರ ಬಾಸ್ ಬಗ್ಗೆ? "ಅದನ್ನ ತೆಗೆದುಬಿಡೇ" ಎಂದು ಮಗಳನ್ನು ಅಂಗಲಾಚಿದೆ. "ಅಚ್ಛಾ ಸೀನ್ ಹೈ, ಮಮ್ಮಾ" ಎಂದು ಹೋದಳು. ಗಾಬರಿಯಲ್ಲಿ ಅಕ್ಕನಿಗೇ ಫೋನ್ ಮಾಡಿ ಕೇಳಿದೆ. "ಏನಂದೆ ಅಂತ ಕೇಳ್ತೀಯಲ್ಲ, ಏನನ್ನಲಿಲ್ಲ ಅಂತ ಕೇಳು" ಎಂದಳು!

ಭಾನುವಾರ ಕಾಲೊನಿಯ ಕಮ್ಯುನಿಟಿ ಹಾಲಿನಲ್ಲಿ ಶೋ. ಮುಂದಿನ ಸಾಲಿನಲ್ಲೇ ಮಿಸೆಸ್ ಶರ್ಮಾ. ಪರದೆಯ ಮೇಲೆ ನಮ್ಮ ಡೈನಿಂಗ್ ಟೇಬಲ್. ಪುಸ್ತಕದ ಮುಂದೆ ನಾಯಕಿ, ಅಂದರೆ ಅನಘಾ. ಒಳಗಿನಿಂದ ನನ್ನ ದನಿ ಕೇಳಿಸಿತು:

"ನಮ್ಮ ಹುಡುಗಿ ಮೇಲೆ ನಂಗೆ ನಂಬಿಕೆನೇ ಇಲ್ಲ ಕಣೇ ಅಕ್ಕ. ಇವಳ ಕೈಲಿ ಏನೂ ಆಗಲ್ಲ."

ಕೆಳಗೆ ಇಂಗ್ಲಿಷ್ ಸಬ್‌ಟೈಟಲ್. ಒಂದು ಪದವನ್ನೂ ಬಿಟ್ಟಿರಲಿಲ್ಲ.

ನಾಯಕಿ ತಲೆ ಎತ್ತದೆ ಪುಟ ತಿರುಗಿಸಿದಳು. ಅದು ನಟನೆಯೇ? ಅಥವಾ ಅವತ್ತು ನಿಜಕ್ಕೂ ಹಾಗೇ ಕೂತಿದ್ದಳೇ? ಮಿಸೆಸ್ ಶರ್ಮಾರ ಭಯ ಎಲ್ಲಿ ಹೋಯಿತೋ. ಈ ಮನೆಯಲ್ಲಿ ಇಷ್ಟು ವರ್ಷ ಇವಳು ಇನ್ನೂ ಏನೇನು ಕೇಳಿಸಿಕೊಂಡಿದ್ದಾಳೆ?

ಚಪ್ಪಾಳೆ ಬಿತ್ತು. ಮಿಸೆಸ್ ಶರ್ಮಾ ಹಿಂದೆ ತಿರುಗಿ, "ಕ್ಯಾ ಆ್ಯಕ್ಟಿಂಗ್ ಕೀ ಹೈ ಆಪ್‌ನೇ!" ಎಂದು ನನ್ನ ಕೈ ಕುಲುಕಿದರು.

ಅಷ್ಟರಲ್ಲಿ ಅನಘಾ ಓಡಿ ಬಂದಳು. "ಮಮ್ಮಾ, ಸಬ್‌ಟೈಟಲ್ ಮೈನೇ ಲಿಖಾ." ಆಮೇಲೆ ತಡವರಿಸಿಕೊಂಡು, ಕನ್ನಡದಲ್ಲೇ ಕೇಳಿದಳು: "ಸರಿ ಇದೆಯಾ?"

ತಪ್ಪಿದೆ ಎನ್ನಲು ಒಂದೇ ಒಂದು ತಪ್ಪೂ ಇರಲಿಲ್ಲ. ಸರಿ ಇದೆ ಎಂದು ಯಾವ ಬಾಯಿಂದ ಹೇಳಲಿ?