ಇಟ್ಟಿಗೆ ಮೇಲಿನ ಮಂಚ

ಹೋದ ವಾರ ಬಳ್ಳಾರಿಯ ನಮ್ಮ ವಠಾರಕ್ಕೆ ಜಪಾನ್ ಬಂದಿತ್ತು, ತಗಡಿನ ಟ್ರಂಕ್ ಸಮೇತ.

ತಂದವನು ನನ್ನ ಹೆಂಡತಿಯ ತಮ್ಮ, ಕುರುಗೋಡಿನ ಬಸಣ್ಣ. ಯುದ್ಧ ಮುಗಿದ ಮೇಲೆ ಸೋತ ಜಪಾನಿನ ಕಾವಲಿಗೆಂದು ಪಲ್ಟನ್ನಿನ ಜೊತೆ ಹೋಗಿ ಈಗ ಮರಳಿದ್ದಾನೆ. ಅಕ್ಕ ತೀರಿಕೊಂಡದ್ದು ಅವನಿಗೆ ಅಲ್ಲಿ ಕಾಗದದಲ್ಲಿ ತಿಳಿದಿತ್ತು. ಬಂದವನೇ ನಮ್ಮ ಒಂದೇ ಕೋಣೆಯ ಮನೆಯನ್ನು ಇನ್ಸ್‌ಪೆಕ್ಷನ್ ಮಾಡಿದ.

“ಮಾಮಾ, ಮೊದಲ ಈ ಮಂಚ ಹೊರಗ ಹಾಕ್ರಿ. ಅರ್ಧ ಮನಿ ನುಂಗೈತಿ. ಜಪಾನದಾಗ ಹಾಸಿಗಿ ಮಡಚಿ ಗೋಡಿ ಕಪಾಟಿನಾಗ ಇಡ್ತಾರ. ಹಗಲು ಅದ ಖೋಲ್ಯಾಗ ಊಟ, ರಾತ್ರಿ ಅಲ್ಲೇ ನಿದ್ದಿ. ಒಳಗಿನ ಗೋಡಿನೂ ಕಾಗದದ್ದು!”

“ಕಾಗದದ್ದಾ? ಬಾಜೂ ಮನಿ ಆಡು ಒಂದ ಹೊತ್ತಿಗೆ ಮನಿ ಮುಗಸ್ತೈತಿ, ಲೇ.”

ನಕ್ಕೆ, ಆದರೆ ಒಪ್ಪಿದೆ. ಮಂಚ ಸಿರುಗುಪ್ಪದ ಚಿಕ್ಕಮ್ಮನ ಮನೆಗೆ ಹೋಗಲಿ, ಬಂಡಿಗೆ ಹೇಳು ಎಂದೆ. ನಿಜ ಹೇಳಲೇ? ಮೂರು ತಿಂಗಳಿಂದ ಗೋಡೆ ಕಡೆಯ ನನ್ನ ಅರ್ಧದಲ್ಲೇ ಮಲಗುತ್ತಿದ್ದೇನೆ. ಉಳಿದರ್ಧ ನೋಡಲಾಗುವುದಿಲ್ಲ.

ಆ ಮಂಚದ ಕಾಲಿಗೆಲ್ಲ ನನ್ನಾಕೆ ಮೂರು ಮೂರು ಇಟ್ಟಿಗೆ ಕೊಟ್ಟಿದ್ದಳು. “ಮಲಗಾಕ ಏಣಿ ತರಲೇನು?” ಎಂದು ಕಾಡುತ್ತಿದ್ದೆ. ನಗುತ್ತಿದ್ದಳು, ಅಷ್ಟೇ. ಇಳಿಬಿಟ್ಟ ಚಾದರದ ಹಿಂದೆ ನಾನೆಂದೂ ಬಗ್ಗಿ ನೋಡಿದವನಲ್ಲ. ಕೇಳಿದ್ದು ಕೈಗೆ ಬರುತ್ತಿದ್ದಾಗ ಯಾವ ಗಂಡಸು ಬಗ್ಗುತ್ತಾನೆ? (ಈಗ ಊಟವೂ ಖಾನಾವಳಿಯಲ್ಲಿ.)

ಇಬ್ಬರೂ ಸೇರಿ ಮಂಚ ಅಂಗಳಕ್ಕೆ ಹೊತ್ತೆವು. ಆಮೇಲೆ ಅದರಡಿಯ ಸಾಮಾನು ಎಳೆದೆವು.

ಜೋಳದ ಚೀಲ. ಬೀಸುವ ಕಲ್ಲು. ಕೌದಿಗಳು. ಹಂಡೆಯೊಳಗೆ ಕೊಡ, ಕೊಡದೊಳಗೆ ಶಾವಿಗೆ ಡಬ್ಬಿ. ನನ್ನ ಹಳೇ ಶಾಲೆ ಪುಸ್ತಕ. ಉಪ್ಪಿನಕಾಯಿ ಭರಣಿ. ಕೊನೆಗೆ ಒಂದು ಗಂಟು: ಬಸಣ್ಣ ಬರೆದ ಕಾಗದಗಳು, ಒಂದೂ ತಪ್ಪದೆ.

ಕೋಣೆ ತುಂಬಿತು. ಸಾಮಾನು ಒಳಗೆ, ನಾವು ಹೊಸ್ತಿಲಾಚೆ. ಬಸಣ್ಣ ಆ ಗಂಟು ಬಿಚ್ಚಿ ಒಂದೊಂದೇ ಕಾಗದ ಎಣಿಸಿ ಮತ್ತೆ ಕಟ್ಟಿದ. ಮೂಗು ಒರೆಸಿಕೊಂಡ.

“ಮಾಮಾ, ಇಟ್ಟಿಗಿ ಎಲ್ಲಿ ಇಟ್ರಿ?”

“ಬಂಡಿ?”

“ಬಂಡ್ಯಾವ ಹೋಗ್ಲಿ ಬಿಡ್ರಿ. ಜಪಾನದವ್ರು ಅಕ್ಕನ್ನ ನೋಡಿಲ್ಲ.”

ಮಂಚವನ್ನು ಮತ್ತೆ ಇಟ್ಟಿಗೆ ಮೇಲೇರಿಸಿ ಸಾಮಾನನ್ನು ಅದರಡಿ ಜೋಡಿಸಿದೆವು. ಅವಳೊಬ್ಬಳೇ ಹೊಂದಿಸಿದ್ದನ್ನು ಇಬ್ಬರು ಗಂಡಸರು ಸಂಜೆವರೆಗೆ ತುರುಕಿದರೂ ಉಪ್ಪಿನಕಾಯಿ ಭರಣಿ ಹೊರಗೇ ಉಳಿಯಿತು. ಎಲ್ಲಿಡುವುದು? ಮಂಚದ ಮೇಲೆ, ಅವಳ ಅರ್ಧದಲ್ಲಿ ಇಟ್ಟಿದ್ದೇನೆ.

ಆ ಕಡೆ ಹೊರಳದೆ ಮಲಗುವುದು ನನಗೇನು ಹೊಸದೇ?