ಟ್ಯಾಕ್ಸ್ ಉಳಿಸಲು ಬಂದ ಊರಿನವನು

ಗಲ್ಫ್‌ನಲ್ಲಿ, ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಒಬ್ಬ ಪೆನ್ಶನ್ ಏಜೆಂಟ್ ಬಂದಿದ್ದ, ನಮ್ಮ ಉಡುಪಿ ಕಡೆಯವನೇ.

"ನಿಮ್ಮ ಶೇರುಗಳನ್ನೆಲ್ಲ ನಮ್ಮ ಪೆನ್ಶನ್ ಖಾತೆಯೊಳಗೆ ಇಟ್ಟರೆ ಟ್ಯಾಕ್ಸ್ ಉಳಿಯುತ್ತದೆ ಅಕ್ಕ. ಯಾವ ಶೇರು ಬೇಕೆಂದು ನೀವೇ ಆರಿಸಬಹುದು," ಎಂದು ನರ್ಸ್ ಆಗಿರುವ ನನ್ನ ಹೆಂಡತಿಗೆ ಹೇಳಿದ.

"ಇಲ್ಲಿ ಸಂಬಳಕ್ಕೆ ಟ್ಯಾಕ್ಸೇ ಇಲ್ಲವಲ್ಲ, ಎಂತ ಉಳಿಸುವುದು?" ಎಂದೆ.

"ಊರಿಗೆ ಹೋದ ಮೇಲೆ ಬೇಕಾಗ್ತದೆ ಅಣ್ಣ."

"ನಡುವೆ ಕೆಲಸ ಹೋದರೆ ಹಣ ತೆಗೆಯಬಹುದಾ?" ಅವಳು ಕೇಳಿದಳು.

"ಅದು ಮಾತ್ರ ಮಾಫಿ, ಆಗುವುದಿಲ್ಲ. ವಯಸ್ಸು ಅರವತ್ತಾಗಬೇಕು."

ಕೆಲಸ ಹೋದರೆ ಗಂಟುಮೂಟೆ ಕಟ್ಟಬೇಕಾದವರು ನಾವು. ಅದು ಗೊತ್ತಿದ್ದೂ ಊರಿನವನೇ ಹೀಗೆ ಮಾಡುವುದು ಕಂಡು ಮೈ ಉರಿಯಿತು. ಬಾಯಿಗೆ ಬಂದಂತೆ ಬೈದು ಬಾಗಿಲು ತೋರಿಸಿದೆ.

ಶೂ ಹಾಕುತ್ತಾ ಅವನು ಶಾಂತವಾಗಿ ಕೇಳಿದ: "ಅಣ್ಣ, ಇಷ್ಟು ಚೆನ್ನಾಗಿ ಮಾತಾಡ್ತೀರಿ, ನಮ್ಮಲ್ಲಿ ಏಜೆಂಟ್ ಆಗ್ತೀರಾ?"

ಹೆಂಡತಿ ಬಿದ್ದು ಬಿದ್ದು ನಕ್ಕಳು. ನನಗಂತೂ ಇವತ್ತಿನವರೆಗೂ ನಗು ಬಂದಿಲ್ಲ.